ನೆಂಟರ ಗಡಿಗೆ

ನಂಜನಗೂಡಿನ ಗ್ರಂಧಿಗೆ ಅಂಗಡಿಯಲ್ಲಿ ಜೀರಿಗೆ, ಮೆಂತ್ಯ ಕಟ್ಟಿಸುತ್ತಾ ನಿಂತಿದ್ದೆ. ಅಂಗಡಿಯವನು ಒಳಗಿನಿಂದ ಒಂದು ಗೋಣಿಚೀಲ ದರದರ ಎಳೆದುಕೊಂಡು ಬಂದು ಅದರ ಬಾಯಿ ಬಿಚ್ಚಿದ. ಲಾವಂಚದ ಬೇರು. ವಾಸನೆ ಮೂಗಿಗೆ ಬಡಿದದ್ದೇ ತಡ, ಜೀರಿಗೆಯೂ ಮರೆತುಹೋಯಿತು, ಮೆಂತ್ಯವೂ ಮರೆತುಹೋಯಿತು.

"ಅದೊಂದು ಕಟ್ಟು ಕೊಡಪ್ಪ" ಅಂದೆ.

"ಕೂಲರ್‌ಗಾ ಮೇಡಂ?"

"ಅಲ್ಲ, ಗಡಿಗೆಗೆ."

"ಈಗ್ಯಾರು ಮೇಡಂ ಗಡಿಗೆ ಮಡಗ್ತಾರೆ?" ಅಂತ ನಕ್ಕು ಪೇಪರಿನಲ್ಲಿ ಸುತ್ತಿಕೊಟ್ಟ.

ಮಡಗುವವರು ಒಬ್ಬರು ನನಗೆ ಗೊತ್ತಿದ್ದರು. ಬದುಕಿದ್ದಾರೋ ಇಲ್ಲವೋ ಅದು ಗೊತ್ತಿರಲಿಲ್ಲ. ಮುಂದಿನ ಭಾನುವಾರ ನರಸೀಪುರದ ಬಸ್ಸು ಹತ್ತಿದೆ. ಬೇರಿನ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿ ಪಕ್ಕ ಕೂತವಳಿಗೆ ಆ ಒಂದು ವರ್ಷ ಬೇಡವೆಂದರೂ ಬಿಚ್ಚಿಕೊಳ್ಳತೊಡಗಿತು.

ಹತ್ತು ಹನ್ನೊಂದು ವರ್ಷದ ಹಿಂದಿನ ಮಾತು, ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನನಗೆ ಮೊದಲ ಪೋಸ್ಟಿಂಗು. ಊರಿನ ಹೆಸರು ಬೇಡ, ಎಲ್ಲರೂ ಕೊಪ್ಪಲು ಅಂತಲೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ನಂಜನಗೂಡಿಗೂ ನರಸೀಪುರಕ್ಕೂ ನಡುವೆ ಬಸ್ಸಿಳಿದು, ಎರೆ ಹೊಲಗಳ ಬದುವಿನ ಮೇಲೆ ಸೆರಗು ತಲೆಗೆ ಹಾಕಿಕೊಂಡು ನಡೆಯಬೇಕಿತ್ತು. ಮಳೆ ಬಂದರೆ ಚಪ್ಪಲಿ ಕೈಗೆ. ಕೆಳಗೆ ನದಿ ಬಯಲಿನಲ್ಲಿ ನಾಲೆ, ಭತ್ತ, ಕಬ್ಬು, ತೆಂಗು ಎಲ್ಲ ಇತ್ತು. ಕೊಪ್ಪಲು ಮಾತ್ರ ದಿಣ್ಣೆಯ ಮೇಲೆ. ಅಲ್ಲಿಗೆ ನಾಲೆಯೂ ಹತ್ತಿರಲಿಲ್ಲ, ರಸ್ತೆಯೂ ಹತ್ತಿರಲಿಲ್ಲ. ಲೈಟು ಕಂಬ ನೆಟ್ಟಿದ್ದರು, ತಂತಿ ಎಳೆದಿರಲಿಲ್ಲ. ಆ ಕಂಬಕ್ಕೆ ಆಡು ಕಟ್ಟುತ್ತಿದ್ದರು.

ಸ್ಕೂಲು ಅಂದರೆ ಒಂದೇ ಕೋಣೆ, ಒಬ್ಬಳೇ ಟೀಚರು. ಗೋಡೆಯ ಪಕ್ಕಕ್ಕೇ ದೊಡ್ಡತಾಯಮ್ಮನ ಮನೆ. ಗಂಡ ಇಲ್ಲದ ಹೆಂಗಸು, ಕೂಲಿ ಮಾಡಿ ಒಬ್ಬನೇ ಮಗ ಸಿದ್ದರಾಜುವನ್ನು ಸಾಕಿ, ಹಿಂದಿನ ವರ್ಷವಷ್ಟೇ ಮದುವೆ ಮಾಡಿದ್ದಳು. ಸೊಸೆ ಮಾದೇವಿ ಮೂಗೂರು ಕಡೆಯ ಹುಡುಗಿ. ದೊಡ್ಡತಾಯಮ್ಮನ ನಾಲಿಗೆ ಬಲು ಹರಿತ. ಇಡೀ ಕೇರಿ ಅವಳ ಬಾಯಿಗೆ ಹೆದರುತ್ತಿತ್ತು, ಅವಳಿಲ್ಲದೆ ಯಾವ ಮನೆಯ ಕೆಲಸವೂ ಆಗುತ್ತಿರಲಿಲ್ಲ.

ಮೊದಲ ದಿನವೇ ನನ್ನ ನೀರಿನ ಬಾಟಲು ಬಸ್ಸಿನಲ್ಲಿ ಉಳಿದುಹೋಯಿತು. ಹನ್ನೆರಡರ ಹೊತ್ತಿಗೆ ಗಂಟಲು ಒಣಗಿ, ಆ ಮನೆಯ ಬಾಗಿಲಿಗೆ ಹೋಗಿ "ಒಂಚೂರು ನೀರು ಕೊಡ್ತೀರಾ" ಅಂತ ಕೇಳಿದೆ. ದೊಡ್ಡತಾಯಮ್ಮ ಮೊರ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು.

"ನಮ್ಮನೇದ ಕುಡೀತೀರಾ?"

"ಬಾಯಾರಿದೆ, ಕುಡೀದೆ ಏನ್ ಮಾಡ್ಲಿ?"

"ಅಲ್ಲಾ, ಇಂದ್ಲ ಮೇಷ್ಟ್ರು ಆರ್ ವರ್ಸ ಇದ್ರು. ಮನೆಯಿಂದ್ಲೇ ಸೀಸೇಲಿ ತತ್ತಿದ್ರು. ಅದ್ಕೆ ಕೇಳ್ದೆ."

ಅವಳು ಒಳಗೆ ಹೋಗಿ, ಲೋಟ ಉಜ್ಜಿದ್ದರೂ ಮತ್ತೆ ಉಜ್ಜಿ, ಬಾಗಿಲ ಪಕ್ಕದ ಕಟ್ಟೆಯ ಮೇಲಿದ್ದ ಗಡಿಗೆಯಿಂದ ಬಗ್ಗಿಸಿ ತಂದಳು. ಆ ನೀರನ್ನು ಹೇಗೆ ಹೇಳಲಿ? ನಾನು ಕಪಿಲಾ ನದಿಯ ನೀರು ಕುಡಿದು ಬೆಳೆದವಳು, ನೀರಿನ ವಿಷಯದಲ್ಲಿ ಸ್ವಲ್ಪ ಜಂಬದವಳೇ. ತಣ್ಣಗೆ, ಸಿಹಿಯಾಗಿ, ಲಾವಂಚದ ವಾಸನೆ ಹೊತ್ತು ಹೊಟ್ಟೆಯವರೆಗೂ ಇಳಿಯಿತು. ಇನ್ನೊಂದು ಲೋಟ ಕೇಳಿ ಕುಡಿದೆ. ದೊಡ್ಡತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು, ಹೊಗೆ ಅಂತ ಅಂದಳು. ಒಲೆ ಆರಿತ್ತು.

ಮಾರನೆಯ ದಿನದಿಂದ ನಾನು ಬಾಟಲು ತರುವುದನ್ನೇ ಬಿಟ್ಟೆ. ಒಂದು ದಿನ ಒಬ್ಬರ ಮನೆ, ಇನ್ನೊಂದು ದಿನ ಇನ್ನೊಬ್ಬರ ಮನೆ. ಕರೆದು ಕೂರಿಸಿ, ಚಾಪೆ ಕೊಡವಿ ಹಾಸಿ, ಹುರಿಗಡಲೆಯನ್ನೋ ಸುಟ್ಟ ಜೋಳದ ತೆನೆಯನ್ನೋ ಮುಂದಿಟ್ಟು ನೀರು ಕೊಡುತ್ತಿದ್ದರು. ಒಂದು ಮನೆಯಲ್ಲಿ ಕೊಡಲು ಏನೂ ಇಲ್ಲದೆ ಬೆಲ್ಲದ ಡಬ್ಬಿಯ ತಳ ಕೆರೆದು ಕೊಟ್ಟರು. ಎಲ್ಲರ ಮನೆಯ ನೀರೂ ಅಷ್ಟೇ ಚೆನ್ನ. ಬಡವರ ಊರಾದರೂ ನೀರು ಮಾತ್ರ ಅಮೃತ ಅಂತ ನಂಜನಗೂಡಿನಲ್ಲಿ ನಮ್ಮಮ್ಮನ ಹತ್ತಿರ ಹೊಗಳಿದ್ದೂ ಆಯಿತು. ಆದರೆ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿರುತ್ತಿತ್ತು. ಹಲ್ಲುಜ್ಜದ ಸೋಮಾರಿಗಳು ಅಂತ ಬೈದು, ಬೇವಿನ ಕಡ್ಡಿ ಕೊಟ್ಟು, ಸಾಲಾಗಿ ನಿಲ್ಲಿಸಿ ಉಜ್ಜಿಸುತ್ತಿದ್ದೆ. ಎಷ್ಟು ಉಜ್ಜಿದರೂ ಬಣ್ಣ ಹೋಗುತ್ತಿರಲಿಲ್ಲ, ನಾನೂ ಬಿಡುತ್ತಿರಲಿಲ್ಲ.

ಗಣೇಶನ ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ದೊಡ್ಡತಾಯಮ್ಮನ ಮನೆಯಲ್ಲಿ ಕೂತಿದ್ದೆ. ಮಾದೇವಿ ಕಳೆ ಕೀಳಲು ಹೋದವಳು ಬಿಸಿಲಲ್ಲಿ ಬೆವರು ಸುರಿಸುತ್ತಾ ಬಂದಳು. ಆಗ ಬಸುರಿ, ಇನ್ನೂ ಎದ್ದು ಕಾಣುತ್ತಿರಲಿಲ್ಲ. ನೇರ ಮೂಲೆಗೆ ಹೋಗಿ ಅಲ್ಲಿದ್ದ ಇನ್ನೊಂದು ಗಡಿಗೆಯಿಂದ ಮೊಗೆದು ಕುಡಿದಳು.

"ನನಗೂ ಅದರಲ್ಲೇ ಒಂದು ಲೋಟ ಕೊಡಮ್ಮ" ಅಂದೆ.

"ಇದು ಬ್ಯಾಡಿ ಟೀಚ್ರವ್ವ" ಅಂತ ಲೋಟ ಹಿಂದಕ್ಕೆ ಹಿಡಿದಳು.

ಬೇಡ ಅಂದರೆ ಬಿಡುವ ಜಾತಿ ನಾನಲ್ಲ. ಎದ್ದು ಹೋಗಿ ಕಿತ್ತುಕೊಂಡು ಬಾಯಿಗೆ ಹಾಕಿಕೊಂಡೆ. ನಾಲಿಗೆಗೆ ಸುಣ್ಣ ಸವರಿದ ಹಾಗಾಯಿತು. ಕಹಿಯೂ ಅಲ್ಲ, ಉಪ್ಪೂ ಅಲ್ಲ, ಗಂಟಲಿಗೆ ಅಂಟುವ ಒಂದು ಒಗರು. ಉಗುಳಲಾರದೆ ನುಂಗಿದೆ. ಆಮೇಲೆ ಗೊತ್ತಾಯಿತು, ಕೊಪ್ಪಲಿನ ಪ್ರತಿ ಮನೆಯಲ್ಲೂ ಎರಡು ಗಡಿಗೆ. ಮೂಲೆಯದು ಬೋರಿನ ಹ್ಯಾಂಡ್ ಪಂಪಿನ ನೀರು, ಮನೆಯವರಿಗೆ. ಬಾಗಿಲ ಪಕ್ಕದ್ದು ನೆಂಟರ ಗಡಿಗೆ. ಅದರ ನೀರು ಬರುತ್ತಿದ್ದದ್ದು ಕೆಳಗೆ ಯಾರದೋ ತೆಂಗಿನ ತೋಟದ ಪಂಪ್‌ಸೆಟ್ಟಿನಿಂದ. ಕರೆಂಟು ಬಂದಾಗ, ತೋಟದವನು ಬೇಡ ಅನ್ನದಿದ್ದಾಗ, ಹೆಂಗಸರು ದಿಣ್ಣೆ ಇಳಿದು ಹಿಡಿದುಕೊಂಡು ಮತ್ತೆ ಹತ್ತಿ ಬರಬೇಕು. ಬಂದವರಿಗೆ ಅಂತ ತಂದ ನೀರನ್ನು ಮನೆಯವರು ಬಾಯಿಗೆ ಹಾಕುವಂತಿಲ್ಲ. ಜ್ವರ ಬಂದರೂ ಇಲ್ಲ, ಬಸುರಿಯಾದರೂ ಇಲ್ಲ.

"ಒತ್ಕೊಂಡ್ ಬರೋಳೇ ಅವ್ಳು, ಅವ್ಳೇ ಕುಡೀಬಾರ್ದಾ?" ಅಂತ ಕೇಳಿದೆ. ನನಗೂ ಅಷ್ಟರಲ್ಲಿ ಅವರ ಮಾತು ಹತ್ತಿತ್ತು.

"ನೆಂಟ್ರು ಬಾಯಿಗಾಗೋ ನೀರ್ನ ಮನೆಯೋರು ಮುಟ್ಟದಾ?" ಅಂದಳು ದೊಡ್ಡತಾಯಮ್ಮ. ನಾನೇನೋ ಅಸಹ್ಯದ ಮಾತಾಡಿದ ಹಾಗೆ ಮುಖ ಮಾಡಿದಳು. "ಇರೋದೊಂದು ಕೊಡ. ನಾವ್ ಕುಡುದ್ಬುಟ್ರೆ, ಆ ಗಳ್ಗೇಲಿ ಯಾರಾರ ಬಂದ್ರೆ ಈ ಒಗರ್ ನೀರ್ನ ಕೊಡದಾ? ಮಾನ ಬ್ಯಾಡ್ವಾ?"

"ಹಾಗಾದ್ರೆ ಇನ್ಮೇಲೆ ನನಗೂ ಮೂಲೆ ನೀರೇ ಕೊಡಿ."

"ನೀವೇನ್ ಮನೆಯೋರಾ?"

"ದಿನಾ ಬರ್ತೀನಲ್ಲ."

"ದಿನಾ ಬಂದ್ರೂ ನೆಂಟ್ರು ನೆಂಟ್ರೇ ಕಣವ್ವ. ಸುಮ್ನೆ ಕುಡೀರಿ."

ಆ ಸಂಜೆ ಬಸ್ಸಿನಲ್ಲಿ ಮಕ್ಕಳ ಹಲ್ಲು ನೆನಪಾಯಿತು. ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದ್ದರೆ ಹಲ್ಲು ಹಾಗಾಗುತ್ತದೆ ಅಂತ ಟ್ರೈನಿಂಗಿನಲ್ಲಿ ನಾನೇ ಓದಿದ್ದೆ. ಅಷ್ಟು ಸಿಹಿ ನೀರು ಕುಡಿಸುತ್ತಿದ್ದ ಊರಿನಲ್ಲಿ ಅದು ತಲೆಗೆ ಹೊಳೆಯುವುದಾದರೂ ಹೇಗೆ? ಮೊಣಕಾಲು ನೋವು ಅಂತ ಕೇರಿಯ ಮುದುಕರೆಲ್ಲ ಕುಂಟುತ್ತಿದ್ದದ್ದು ಯಾಕೆ ಅಂತಲೂ ಬಿಡಿಸಿ ಹೇಳಿದ ಹಾಗಾಯಿತು.

ಸುಮ್ಮನಿರಲು ನನ್ನ ಕೈಲಾಗಲಿಲ್ಲ. ದೀಪಾವಳಿ ಮುಗಿದ ಮೇಲೆ ಸಿದ್ದರಾಜು, ನಾನು, ಇನ್ನಿಬ್ಬರು ನರಸೀಪುರದ ಆಫೀಸಿಗೆ ಹೋದೆವು. ಸಾಹೇಬರು ಮೊದಲ ಸಲ ಸಿಗಲಿಲ್ಲ, ಎರಡನೇ ಸಲ ಊಟಕ್ಕೆ ಹೋಗಿದ್ದರು. ಆಮೇಲೆ ಸಿಕ್ಕರು, ಕೂರಿಸಿ ಮಾತಾಡಿಸಿದರು. ಆ ವರ್ಷ ನೀರು ಕೆಟ್ಟಿರುವ ಊರುಗಳಿಗೆ ನದಿಯಿಂದ ಪೈಪು ಎಳೆದು ನಲ್ಲಿ ಕೊಡುವ ಕೆಲಸ ಶುರುವಾಗುತ್ತಂತೆ. ನಮ್ಮ ಕೊಪ್ಪಲು, ಪಕ್ಕದ ಇನ್ನೊಂದು ಊರು, ಎರಡರಲ್ಲಿ ಒಂದಕ್ಕೆ ಈ ಸಲ ಸಿಗುತ್ತದೆ. "ಯಾವುದರ ನೀರು ಜಾಸ್ತಿ ಕೆಟ್ಟಿದೆಯೋ ಅದಕ್ಕೆ. ನೀರು ನೋಡೋಕೆ ನಮ್ಮವರನ್ನ ಕಳಿಸ್ತೀನಿ" ಅಂದರು. ಸಿದ್ದರಾಜು ಬಸ್ಸು ಹತ್ತಿದ ಮೇಲೆ "ನಲ್ಲೀನ ನಮ್ ಬಾಗ್ಲಗೇ ಆಕುಸ್ಕಬೋದಾ ಟೀಚ್ರೇ?" ಅಂತ ಕೇಳಿದ.

ಅವನಿಗೆ ಆ ನಲ್ಲಿ ಯಾಕೆ ಬೇಕಿತ್ತು ಅನ್ನುವುದು ಸಂಕ್ರಾಂತಿಯ ಹೊತ್ತಿಗೆ ಎಲ್ಲರಿಗೂ ಗೊತ್ತಾಯಿತು. ಮೊದಲ ಹೆರಿಗೆಗೆ ಮಗಳನ್ನು ಕರೆದುಕೊಂಡು ಹೋಗಲು ಮಾದೇವಿಯ ಅಪ್ಪ ಬಂದಿದ್ದ. ಬಂದವನಿಗೆ ಮೊದಲು ಕಂಡದ್ದು, ತುಂಬಿದ ಬಸುರಿನಲ್ಲಿ ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ ಹೊತ್ತು ದಿಣ್ಣೆ ಹತ್ತುತ್ತಿದ್ದ ಮಗಳು. ಅವನು ಬರುತ್ತಾನೆ ಅಂತಲೇ ಅವಳು ನೆಂಟರ ನೀರಿಗೆ ಹೋಗಿದ್ದಳು. ಮನುಷ್ಯ ಜಗಲಿಯ ಮೇಲೆ ಕೂತ, ಕೊಟ್ಟ ಲೋಟ ಮುಟ್ಟಲಿಲ್ಲ.

"ಬೀಗಿತ್ತಿ, ತಪ್ ತಿಳ್ಕಬ್ಯಾಡಿ" ಅಂದ. "ಮನೆ ಬಡವ್ರದ್ದು ಅಂತ ಗೊತ್ತಿದ್ದೇ ಕೊಟ್ಟಿದ್ದು. ನೀರಿಲ್ಲ ಅನ್ನದ ಯಾರೂ ಏಳ್ನಿಲ್ಲ. ನೋಡಕ್ ಬಂದ ದಿನ ತಣ್ಗೆ ಸೀ ನೀರ್ ಕೊಟ್ರಿ."

ದೊಡ್ಡತಾಯಮ್ಮನಂಥ ದೊಡ್ಡತಾಯಮ್ಮ ತಲೆ ತಗ್ಗಿಸಿ ನಿಂತಳು.

"ನಲ್ಲಿ ಬಂದ್ ದಿನ ಮಗು ಸಮೇತ ನಾನೇ ತಂದ್ ಬುಡ್ತೀನಿ. ಅಲ್ಲೀಗಂಟ ಅಲ್ಲೇ ಇರ್ಲಿ" ಅಂತ ಹೇಳಿ ಮಗಳನ್ನು ಕರೆದುಕೊಂಡು ಹೊರಟ. ಮಾದೇವಿ ತಿರುತಿರುಗಿ ನೋಡುತ್ತಾ ಹೋದಳು. ಅವಳಿಗೆ ಗಂಡನ ಮನೆ ಬೇಡವಾಗಿರಲಿಲ್ಲ. ಹೋಗುವ ಮುಂಚೆ ಒಲೆ ಮುಂದೆ ಕೂತು "ನಲ್ಲಿ ಬರ್ತದಲ್ವಾ ಟೀಚ್ರವ್ವ?" ಅಂತ ನನ್ನನ್ನು ಕೇಳಿದಳು. "ಬಂದೇ ಬರುತ್ತೆ" ಅಂದಿದ್ದೆ. ಅಷ್ಟು ಧೈರ್ಯವಾಗಿ ಹೇಳಲು ಕಾರಣವೂ ಇತ್ತು. ಆ ನೀರಿಗಿಂತ ಕೆಟ್ಟ ನೀರು ಪಕ್ಕದ ಊರಿನಲ್ಲಿ ಇರಲು ಸಾಧ್ಯವೇ ಇರಲಿಲ್ಲ.

ಅಂದಿನಿಂದ ದೊಡ್ಡತಾಯಮ್ಮ ದಿನಕ್ಕೊಂದು ಸಲ ಕೇಳುತ್ತಿದ್ದಳು: "ನೀರ್ ನೋಡೋರು ಯಾವತ್ ಬಂದಾರು?" ಹಳೆ ಸೀರೆ ಹರಿದು ಮಗುವಿಗೆ ಬಟ್ಟೆ ಹೊಲಿದಿಟ್ಟಳು. ತೊಟ್ಟಿಲು ಕಟ್ಟಲು ಸೂರಿನ ತೊಲೆಗೆ ಹಗ್ಗ ಬಿಗಿಸಿದಳು. "ಗಂಡಾರ ಆಗ್ಲಿ ಎಣ್ಣಾರ ಆಗ್ಲಿ, ಮೊದ್ಲ್ ನೀರು ನಮ್ಮನೆ ನಲ್ಲೀಲೇ ಉಯ್ಯೋದು" ಅನ್ನುತ್ತಿದ್ದಳು.

ಶಿವರಾತ್ರಿ ಕಳೆದು ಬಿಸಿಲು ಏರಿತ್ತು. ನನಗೆ ನರಸೀಪುರದಲ್ಲಿ ಟೀಚರುಗಳ ತರಬೇತಿ, ಸ್ಕೂಲಿಗೆ ರಜೆ. ಆ ದಿನವೇ ನೀರು ನೋಡುವ ಆಸಾಮಿ ಬರಬೇಕೆ? ತರಬೇತಿ ಮುಗಿಸಿ ಬಂದಾಗ ಕೇರಿಗೆ ಕೇರಿಯೇ ಮದುವೆ ಮನೆಯ ಕಳೆಯಲ್ಲಿತ್ತು. ಬಂದಿದ್ದರು, ನೋಡಿದರು, ಸೀಸೆಯಲ್ಲಿ ತುಂಬಿಕೊಂಡು ಹೋದರು, ಬಹಳ ಒಳ್ಳೆಯವರು, ಉಂಡು ಹೋದರು. ಮುದ್ದೆ, ಹುರುಳಿಕಾಳಿನ ಬಸ್ಸಾರು, ಕೋಳಿಮೊಟ್ಟೆ ಬೇಯಿಸಿ ಹಾಕಿದ್ದರಂತೆ. ನಾನೂ ಕುಣಿದಾಡಿದೆ, ಸುಳ್ಳು ಯಾಕೆ ಹೇಳಲಿ.

ಪರೀಕ್ಷೆಯ ಹೊತ್ತಿಗೆ ಉತ್ತರ ಬಂತು. ನಾನೇ ಆಫೀಸಿಗೆ ಹೋಗಿದ್ದೆ. ಗುಮಾಸ್ತರು ನಗುತ್ತಾ ಹೇಳಿದರು: "ನಿಮ್ಮೂರ ನೀರು ಎಳನೀರಿದ್ದ ಹಾಗಿದೆಯಂತಲ್ಲ ಮೇಡಂ. ಇನ್ನೇನು ಬೇಕು ನಿಮಗೆ? ಪೈಪು ಪಕ್ಕದೂರಿಗೆ ಹೋಯ್ತು."

ಜಗಳ ಆಡಿದೆ. ಸಾಹೇಬರ ಹತ್ತಿರ ಹೋಗಿ ಮತ್ತೊಂದು ಸಲ ನೋಡಿಸಿ ಅಂದೆ. "ಈ ಸಲದ ಕೆಲಸ ಹಂಚಿ ಆಯ್ತಮ್ಮ. ಮುಂದೆ ನೋಡೋಣ" ಅಂದರು. ನೀರು ತೆಗೆದುಕೊಂಡು ಹೋಗಿದ್ದ ಆಳು ಅಲ್ಲೇ ವರಾಂಡದಲ್ಲಿ ಸಿಕ್ಕ. ಬಡಪಾಯಿ, ಬಿಸಿಲಲ್ಲಿ ಬಸ್ಸಿಳಿದು ನಡೆದು ಬಂದವನು. ಪಂಪಿನ ಹತ್ತಿರ ಹೊರಟಿದ್ದನಂತೆ. "ಬಿಸ್ಲಲ್ಲಿ ಬಂದಿದೀರಿ, ಕೂತ್ಕಳಿ, ನಾವ್ ತುಂಬುಸ್ಕೊಂಡ್ ಬತ್ತೀವಿ ಅಂದ್ರು ಆ ಯಮ್ಮ. ಏಳಕ್ಕೇ ಬಿಡ್ಲಿಲ್ಲ ಮೇಡಂ" ಅಂದ.

ಆ ಯಮ್ಮ ಯಾರು ಅಂತ ಕೇಳಬೇಕಾಗಿರಲಿಲ್ಲ.

ಬಸ್ಸಿಳಿದು ಬದುವಿನ ಮೇಲೆ ಓಡಿದೆನೋ ನಡೆದೆನೋ ಗೊತ್ತಿಲ್ಲ. ದೊಡ್ಡತಾಯಮ್ಮ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದಳು.

"ಸೀಸೆಗೆ ಯಾವ ನೀರು ತುಂಬಿದ್ರಿ?"

"ಇನ್ಯಾವ್ದ? ನೆಂಟ್ರ ಗಡ್ಗೇದು" ಅಂದಳು, ಹೆಮ್ಮೆಯಿಂದ. "ಸೀಸೆ ಒಳ್ಗೆಲ್ಲ ಉಣ್ಸೆಣ್ಣಾಕಿ ಉಜ್ಜಿ, ಬಟ್ಟೇಲಿ ಸೋಸಿ ತುಂಬ್ದೆ."

"ಅಯ್ಯೋ ನಿಮ್ಮ. ಕೆಟ್ಟ ನೀರು ಅಂತ ತೋರಿಸೋಕಲ್ವಾ ಅವರನ್ನ ಕರೆಸಿದ್ದು? ಪಂಪಿನ ನೀರು ತುಂಬಬೇಕಿತ್ತು!"

"ನೋಡಕ್ ಬತ್ತಾರೆ ಅಂತ ನೀವೇ ತಾನೇ ಅಂದಿದ್ದು? ಎಣ್ ನೋಡಕ್ ಬಂದೋರ ಮುಂದ್ಕೆ ಅರ್ದೋಗಿರೋ ಸೀರೆ ಉಡ್ಸಿ ನಿಲ್ಲುಸ್ತೀವಾ? ಊರೆಸ್ರ ಬರ್ಕೊಂಡು ಆಪೀಸ್ಗೆ ತಕ್ಕೊಂಡ್ ಓಗ ನೀರು. ನಾಕ್ ಜನ ದೊಡ್ಡೋರು ನೋಡ್ತಾರೆ."

"ನಲ್ಲಿ ಪಕ್ಕದೂರಿಗೆ ಹೋಯ್ತು. ನಿಮ್ಮ ನೀರು ಚೆನ್ನಾಗಿದೆ, ನಿಮಗೆ ಬೇಕಿಲ್ಲ ಅಂದ್ರು."

ಅವಳ ಕೈ ನಿಂತಿತು. ಬೀಜ ಒಂದು ಕಡೆ, ಹಣ್ಣು ಒಂದು ಕಡೆ ಹಾಗೇ ಬಿಟ್ಟು ನನ್ನ ಮುಖ ನೋಡಿದಳು. ಯಾರಿಗೋ ಹೇಳುವ ಹಾಗೆ ಹೇಳಿದಳು:

"ನಾವು ಕೊಳ್ಕು ಅಂತ ತೋರುಸ್ಕೊಂಡಾಗೆಲ್ಲ ಯಾರವ್ವ ಅತ್ರ ಬಂದವ್ರೆ? ಮೂಗ್ ಮುಚ್ಕೊಂಡು ದೂರ್ದಲ್ಲೇ ತಿರುಗ್ಕೊಂಡ್ ಓದ್ರು. ಚೆಂದಾಕ್ ಕಂಡ್ರೆ ಕೊಡ್ತಾರೆ ಅಂದ್ಕಂಡೆ."

ನಾನು ಬೈಯಲು ಬಾಯಿ ತೆರೆದವಳು ಹಾಗೇ ಅವಳ ಪಕ್ಕ ಕೂತೆ. ನೀರು ನೋಡಲು ಬರುತ್ತಾರೆ ಅಂದಿದ್ದೆ, ಯಾವ ನೀರು ಅಂತ ಬಿಡಿಸಿ ಹೇಳಿರಲಿಲ್ಲ. ಅದು ಹೇಳಬೇಕಾದ ಮಾತು ಅಂತ ನನಗಾಗಲಿ, ನರಸೀಪುರದ ಸಾಹೇಬರಿಗಾಗಲಿ, ಯಾರಿಗೆ ಹೊಳೆದೀತು? ಬಂದವರನ್ನು ಬಿಸಿಲಿಗೆ ಕಳಿಸಬಾರದು, ಮನೆಯಿಂದ ಹೊರಗೆ ಹೋಗುವ ನೀರು ಮನೆಯಲ್ಲಿದ್ದದ್ದರಲ್ಲೆಲ್ಲ ಒಳ್ಳೆಯದಾಗಿರಬೇಕು. ಈ ಎರಡೇ ಗೊತ್ತಿದ್ದದ್ದು ಅವಳಿಗೆ. ಎರಡೂ ಸೇರಿಕೊಂಡು ಅವಳ ಮನೆ ಮುರಿದವು.

"ಅಂಗಾರೆ ನನ್ ಕೈಯಾರೆ ನಾನೇ..." ಅಂದು ದೊಡ್ಡತಾಯಮ್ಮ ಅಷ್ಟಕ್ಕೇ ನಿಲ್ಲಿಸಿದಳು. ಎದ್ದು ಒಳಗೆ ಹೋದಳು. ಆ ಪರಿಸ್ಥಿತಿಯಲ್ಲೂ ಲೋಟ ಉಜ್ಜಿ, ಬಾಗಿಲ ಪಕ್ಕದ ಗಡಿಗೆಯಿಂದ ನನಗೆ ನೀರು ತಂದುಕೊಟ್ಟಳು. ಬೇಡ ಅನ್ನುವ ಧೈರ್ಯ ನನಗಾಗಲಿಲ್ಲ.

ಯುಗಾದಿಯ ಹೊತ್ತಿಗೆ ಮಾದೇವಿಗೆ ಹೆಣ್ಣು ಮಗು ಆಯಿತು ಅಂತ ಸುದ್ದಿ ಬಂತು. ದೊಡ್ಡತಾಯಮ್ಮ ಮೂಗೂರಿನ ಕಡೆಗೆ ಹೋಗಿ ನೋಡಿಕೊಂಡು ಬಂದಳು. ಬಾಣಂತಿಯನ್ನು ಕಳಿಸಿ ಅಂತ ಕೇಳಲು ಬಾಯಿ ಬರಲಿಲ್ಲವಂತೆ. "ಏನಂತ ಕೇಳ್ಳಿ? ಮಗಾನ ಈ ನೀರಲ್ಲಿ ಸಾಕ್ತೀನಿ ಅನ್ಲಾ?" ಅಂದಳು. ಸಿದ್ದರಾಜು ಮೊದಮೊದಲು ವಾರಕ್ಕೊಮ್ಮೆ ಹೋಗಿ ಬರುತ್ತಿದ್ದ. ಆಮೇಲೆ ಅಲ್ಲೇ ಕಬ್ಬು ಕಡಿಯುವ ಕೂಲಿ ಹಿಡಿದ, ವಾರಕ್ಕೊಮ್ಮೆ ಇಲ್ಲಿಗೆ ಬರತೊಡಗಿದ. ತೊಲೆಗೆ ಕಟ್ಟಿದ್ದ ಹಗ್ಗವನ್ನು ದೊಡ್ಡತಾಯಮ್ಮ ಒಂದು ದಿನ ಬಿಚ್ಚಿ ಆಡು ಕಟ್ಟಿದಳು. ಬೇಸಿಗೆ ರಜೆಯಲ್ಲಿ ನನಗೂ ವರ್ಗವಾಯಿತು. ಆಮೇಲೆ ಮದುವೆ, ಮಕ್ಕಳು, ಬೇರೆ ಬೇರೆ ಊರು. ಕೊಪ್ಪಲಿಗೂ ನಲ್ಲಿ ಬಂತು ಅಂತ ಎಷ್ಟೋ ವರ್ಷದ ಮೇಲೆ ಯಾರೋ ಹೇಳಿದರು. ಆ ಹೊತ್ತಿಗೆ ಮಗು ತಾಯಿಯ ತವರಿನಲ್ಲೇ ಸ್ಕೂಲಿಗೆ ಸೇರಿ, ಸಿದ್ದರಾಜುವಿನ ಸಂಸಾರ ಅಲ್ಲೇ ನೆಲೆಯೂರಿ ಆಗಿತ್ತಂತೆ.

ಬಸ್ಸಿಳಿದೆ. ಈಗ ಜಲ್ಲಿ ರಸ್ತೆ. ಕೊಪ್ಪಲಿನ ಬಾಯಲ್ಲೇ ನಲ್ಲಿ, ಸಿಮೆಂಟಿನ ಕಟ್ಟೆ, ಬಿಂದಿಗೆಗಳ ಸಾಲು. ಕಂಬಕ್ಕೆ ತಂತಿಯೂ ಬಂದಿದೆ. ದೊಡ್ಡತಾಯಮ್ಮ ಅದೇ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಮೊಣಕಾಲು ಮಡಿಸಲು ಆಗುತ್ತಿರಲಿಲ್ಲ. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಟೀಚ್ರವ್ವ ಅಲ್ವಾ? ಏನವ್ವ ಇಂಗಾಗಿದೀಯ, ಭತ್ತದ ಮೂಟೆ ಆದಂಗೆ."

ಹೋಗಿ ಬನ್ನಿ ಅನ್ನುತ್ತಿದ್ದವಳ ಬಾಯಲ್ಲಿ ಹೋಗು ಬಾ ಬಂದಿತ್ತು. ಅಷ್ಟಕ್ಕೇ ನನಗೆ ಕಣ್ಣು ತುಂಬಿತು. ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದಳು, ನಾನೂ ಹಿಂದೆ ಹೋದೆ. ಬಾಗಿಲ ಪಕ್ಕದ ಕಟ್ಟೆಯ ಮೇಲೆ ಗಡಿಗೆ ಹಾಗೇ ಇತ್ತು, ತಟ್ಟೆ ಮುಚ್ಚಿಕೊಂಡು. ಅವಳು ಅದನ್ನು ದಾಟಿ ಮೂಲೆಗೆ ಹೋಗಿ, ಬಿಂದಿಗೆಯಿಂದ ಒಂದು ಲೋಟ ಬಗ್ಗಿಸಿ ನನ್ನ ಕೈಗೆ ಕೊಟ್ಟಳು.

"ತಕ್ಕೊ. ನಾವ್ ಕುಡಿಯೋದೇ. ಆವತ್ತು ಬೇಕು ಬೇಕು ಅಂತಿದ್ದೆಯಲ್ಲ."

"ಅದರಲ್ಲೇನು ನೀರು?" ಅಂತ ಗಡಿಗೆ ತೋರಿಸಿದೆ.

"ಅದೂ ನಲ್ಲೀದೇ. ಈಗೆಲ್ಲ ಒಂದೇ ನೀರು."

ಪೇಪರ್ ಬಿಚ್ಚಿ ಲಾವಂಚ ಕೊಟ್ಟೆ. ಮೂಗಿನ ಹತ್ತಿರ ಹಿಡಿದು ಸುಮಾರು ಹೊತ್ತು ನಿಂತಳು. ಒಂದು ಎಳೆ ಮುರಿದು, ತೊಳೆದು ಗಡಿಗೆಗೆ ಹಾಕಿದಳು. ಅಷ್ಟರಲ್ಲಿ ಹೊರಗಿನಿಂದ ಹತ್ತು ವರ್ಷದ ಒಂದು ಹುಡುಗಿ ಓಡಿ ಬಂತು. ಮಾದೇವಿಯ ಮುಖವೇ, ಆ ಯುಗಾದಿಗೆ ಹುಟ್ಟಿದ ಮಗು. ಹಲ್ಲು ಬಿಳೀ ಇತ್ತು, ಹಾಲಿನ ಹಾಗೆ. ಅಪ್ಪನ ಜೊತೆ ನಿನ್ನೆ ಬಂದದ್ದಂತೆ, ನಾಳೆ ಹೋಗುತ್ತದಂತೆ. ಬಾಯಾರಿಕೆ ಅಂತ ಮೂಲೆಯ ಬಿಂದಿಗೆಗೆ ಕೈ ಹಾಕಿತು.

"ನಿಂತ್ಕೊ, ಅದಲ್ಲ" ಅಂದಳು ದೊಡ್ಡತಾಯಮ್ಮ. ಲೋಟ ಉಜ್ಜಿದ್ದರೂ ಮತ್ತೆ ಉಜ್ಜಿದಳು. ಬಾಗಿಲ ಪಕ್ಕದ ಗಡಿಗೆಯ ತಟ್ಟೆ ಸರಿಸಿ ಬಗ್ಗಿಸಿದಳು.

"ನಂಗೂ ಆ ಆಂಟಿ ಕುಡೀತಿರೋದೇ ಸಾಕಜ್ಜಿ."

"ಅವ್ರು ನಮ್ಮನೆಯೋರು ಕಣವ್ವ. ನೀನು ನೆಂಟ್ಳು" ಅಂದು, ಎರಡೂ ಕೈಯಲ್ಲಿ ಲೋಟ ಹಿಡಿದು ಮೊಮ್ಮಗಳಿಗೆ ಕೊಟ್ಟಳು.

ಹುಡುಗಿ ಗಟಗಟ ಕುಡಿದು ಮತ್ತೆ ಹೊರಗೆ ಓಡಿತು. ದೊಡ್ಡತಾಯಮ್ಮ ಗಡಿಗೆಗೆ ತಟ್ಟೆ ಮುಚ್ಚಿದಳು. ನನ್ನ ಕೈಯಲ್ಲಿ ಮೂಲೆಯ ನೀರು ಹಾಗೇ ಇತ್ತು.